ಸೆಲ್ಫ್ ಹೊಡಿ

ಆ ಗ್ಯಾರೇಜಿನಲ್ಲಿ ಹೊಡೆಯದೆ ಯಾವ ಕೆಲಸವೂ ಆಗುತ್ತಿರಲಿಲ್ಲ. ಚಕ್ರಕ್ಕೆ ಗಾಳಿ ಹೊಡೆಯಬೇಕು, ಬಾಗಿಲಿಗೆ ಬಣ್ಣ ಹೊಡೆಯಬೇಕು, ಎಂಜಿನ್ ಎಬ್ಬಿಸಲು ಸೆಲ್ಫ್ ಹೊಡೆಯಬೇಕು, ಊಟವಾದ ಮೇಲೆ ಬೆಂಚಿನ ಮೇಲೆ ಒಂದಿಷ್ಟು ಗೊರಕೆ ಹೊಡೆಯಬೇಕು. ಇಷ್ಟು ಹೊಡೆದೂ ತೃಪ್ತಿಯಾಗದೆ ಮನುಷ್ಯರನ್ನೂ ಹೊಡೆಯುತ್ತಿದ್ದವನು ಅಲ್ಲಿನ ಮೇಸ್ತ್ರಿ. ಬೀದಿಯವರೆಲ್ಲ ಅವನನ್ನು ಗುದ್ದಲಿ ಎನ್ನುತ್ತಿದ್ದರು. ಅವನು ಮಣ್ಣು ಅಗೆದದ್ದನ್ನು ಕಂಡವರಿರಲಿಲ್ಲ; ಗುದ್ದಿದ್ದನ್ನು ಕಾಣದವರಿರಲಿಲ್ಲ.

ಟೈರು ಮಾರುವವನ ಮೂಗು, ಬಸ್ ಕಂಡಕ್ಟರನ ಭುಜದೆಲುಬು, ಹೀಗೆ ಅವನ ಕೈಯಿಂದ ರಿಪೇರಿಗೆ ಬಂದ ಸಾಮಾನು ಬಹಳ. ಕೊನೆಗೆ ಅಡ್ಡ ನಿಲ್ಲಿಸಿದ ಒಂದು ಸ್ಕೂಟರಿನ ಜಗಳದಲ್ಲಿ ಪಕ್ಕದ ಮನೆಯವನ ದವಡೆ ಒಡೆದ. ಆ ಬಡಪಾಯಿ ದವಡೆಗೆ ತಂತಿ ಕಟ್ಟಿಸಿಕೊಂಡು ನಳಿಗೆಯಲ್ಲಿ ಗಂಜಿ ಹೀರುವುದನ್ನು ಕಂಡ ಗುದ್ದಲಿಯ ಹೆಂಡತಿ, ಮಗಳನ್ನು ಎತ್ತಿಕೊಂಡು ತವರಿಗೆ ನಡೆದಳು. ಎಷ್ಟೋ ಗೋಗರೆದ ಮೇಲೆ ಒಂದು ಷರತ್ತು ಹಾಕಿ ಮರಳಿದಳು.

"ಇನ್ನೊಂದ್ಸಲ ಯಾರ ಮೇಲಾದ್ರೂ ಕೈ ಮಾಡಿದ್ರೆ ನಾನೂ ಮಗಳೂ ಹೊರಟ್ವಿ. ಆಮೇಲೆ ಕರೆಯೋಕೂ ಬರಬೇಡಿ."

"ಅವನೇ ಬೈದ್ರೆ?"

"ಬೈಸ್ಕೊಳ್ಳಿ."

"ಅವನೇ ಮೊದಲು ಹೊಡೆದ್ರೆ?"

"ಹೊಡೆಸ್ಕೊಳ್ಳಿ."

ಜೊತೆಗೆ ತನ್ನ ತಮ್ಮನನ್ನು ಕೆಲಸಕ್ಕೆಂದು ಗ್ಯಾರೇಜಿಗೆ ಸೇರಿಸಿದಳು. ಕೆಲಸಕ್ಕಿಂತ ಕಾವಲಿಗೆ. ಅವನು ಎಂಥ ಧೈರ್ಯಶಾಲಿಯೆಂದರೆ, ಗಿರಾಕಿಯೊಬ್ಬ ಜೋರಾಗಿ ಸೀನಿದರೂ ಕಾರಿನೊಳಗೆ ಕೂತು ಗಾಜು ಏರಿಸಿಬಿಡುತ್ತಿದ್ದ. ಅಂದಿನಿಂದ ಗುದ್ದಲಿಯ ಸಿಟ್ಟಿಗೆ ಸಿಕ್ಕಿದ್ದು ಮೂಲೆಯಲ್ಲಿದ್ದ ಹಳೇ ಲಾರಿ ಟೈರು ಮಾತ್ರ.

ಆ ಬೆಳಿಗ್ಗೆ ಟ್ಯಾಕ್ಸಿ ಚಾಲಕನೊಬ್ಬ ತನ್ನ ಡೀಸೆಲ್ ಕಾರನ್ನು ತಳ್ಳಿಸಿಕೊಂಡು ಒಳಗೆ ಬಂದ. ಹಿಂದಿನ ದಿನವಷ್ಟೇ ಗುದ್ದಲಿ ಅದಕ್ಕೆ ಹೊಸ ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ಚಕ್ರಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಹಲ್ಲಿನ ಪಟ್ಟಿ, ಹಾಕಿದ್ದ. ಏರು ರಸ್ತೆಯ ನಡುವೆ ಕಾರು ಬಿಳಿ ಹೊಗೆ ಕಾರಿ, ಕೆಮ್ಮಿ, ನಿಂತುಬಿಟ್ಟಿತ್ತು. ರೈಲು ತಪ್ಪಿಸಿಕೊಂಡ ಪ್ರಯಾಣಿಕರು ಚಾಲಕನ ಅಂಗಿಯ ತೋಳು ಹರಿದು, ಕಪಾಳಕ್ಕೂ ಬಿಗಿದು ಹೋಗಿದ್ದರು. ಅವನ ತುಟಿಯಲ್ಲಿ ರಕ್ತ, ಕೈಯಲ್ಲಿ ಜಾಕಿಯ ರಾಡು.

"ಲೋ ಗುದ್ದಲಿ! ಬೆಲ್ಟ್ ಹಾಕಿದ್ದೀಯೋ, ಪಾಯಿಜಾಮದ ಲಾಡಿ ಕಟ್ಟಿದ್ದೀಯೋ?"

"ನೋಡ್ತೀನಿ. ಸ್ವಲ್ಪ ಸುಮ್ನಿರಣ್ಣ."

ಗುದ್ದಲಿಯ ಬಾಯಲ್ಲಿ 'ಅಣ್ಣ' ಕೇಳಿ ಭಾವಮೈದನೇ ಬೆಚ್ಚಿದ.

ಡೀಸೆಲ್ ಪೈಪಿಗೆ ಗಾಳಿ ಸೇರಿದೆಯೇ ಎಂಬುದು ಮೊದಲ ಅನುಮಾನ. ಇಂಜೆಕ್ಟರ್ ಪೈಪುಗಳ ನಟ್ಟು ಸಡಿಲಿಸಿ ಗುದ್ದಲಿ ಭಾವಮೈದನನ್ನು ಸ್ಟೀರಿಂಗಿನ ಮುಂದೆ ಕೂರಿಸಿದ. "ಬಾನೆಟ್ ಎತ್ತಿರುತ್ತೆ, ನಿನಗೆ ಏನೂ ಕಾಣಲ್ಲ. ನಾನು ಹೊಡಿ ಅಂದಾಗ ಸೆಲ್ಫ್ ಹೊಡಿ."

"ಹೊಡಿ!" ಎಂದ. ಪ್ರತಿ ಪೈಪಿನಿಂದಲೂ ಡೀಸೆಲ್ ಗುಳ್ಳೆಯಿಲ್ಲದೆ ಚಿಮ್ಮಿತು. ಗಾಳಿಯ ತಪ್ಪಲ್ಲ. ಹೀಟರ್ ಪ್ಲಗ್ಗುಗಳೂ ಸರಿಯಾಗಿ ಕಾಯುತ್ತಿದ್ದವು. ನಟ್ಟುಗಳನ್ನು ಬಿಗಿ ಮಾಡಿ ಬೆಲ್ಟಿನ ಕವರ್ ಬಿಚ್ಚಿದ. ಹಲ್ಲುಗಳು ಬಹಳ ತಪ್ಪಿದ್ದರೆ ಎಂಜಿನ್ ಒಳಗೆ ವಾಲ್ವುಗಳೂ ಪಿಸ್ಟನ್ನುಗಳೂ ಒಂದನ್ನೊಂದು ಗುದ್ದಿ ಬಾಗಿರುತ್ತವೆ. ಅದನ್ನು ಸೆಲ್ಫ್ ಹೊಡೆದು ತಿಳಿಯುವಂತಿಲ್ಲ. ಕ್ರ್ಯಾಂಕಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಮಲಗಿದ ಮಗುವಿನ ಕೈಕೆಳಗಿನಿಂದ ಆಟಿಕೆ ಎಳೆಯುವಂತೆ, ಮೆಲ್ಲಗೆ ತಿರುಗಿಸಿದ. ಎಲ್ಲೂ ತಡೆಯಿರಲಿಲ್ಲ. ವಾಲ್ವುಗಳು ಉಳಿದಿವೆ. ಕ್ರ್ಯಾಂಕಿನ ಗುರುತು ಸರಿ, ಮೇಲಿನ ಕ್ಯಾಮಿನ ಗುರುತೂ ಸರಿ. ಡೀಸೆಲ್ ಪಂಪಿನದು ಮಾತ್ರ ಒಂದು ಹಲ್ಲು ಹಿಂದೆ.

ಹೇಗಾಯಿತೆಂದು ಅವನಿಗೆ ತಟ್ಟನೆ ಹೊಳೆಯಿತು. ಹಳೇ ಬೆಲ್ಟಿನ ಹಲ್ಲು ಎಣಿಸಿ ಹೊಸ ಬೆಲ್ಟಿಗೆ ಗುರುತು ಹಾಕುವಾಗ ಗೋಡೆಯಾಚೆ ಪಕ್ಕದ ಮನೆಯವನು ಸಿಳ್ಳೆ ಹಾಕುತ್ತಿದ್ದ. ಗಟ್ಟಿಯಾದ ದವಡೆಯಿಂದ, ಬೇಕೆಂದೇ. ಆ ಉರಿಯಲ್ಲಿ ಒಂದು ಬೆಲ್ಟಿನಲ್ಲಿ ಗುರುತಿನ ಹಲ್ಲನ್ನು ಸೇರಿಸಿ ಎಣಿಸಿದ್ದ, ಇನ್ನೊಂದರಲ್ಲಿ ಬಿಟ್ಟು ಎಣಿಸಿದ್ದ.

"ನಂದೇ ತಪ್ಪು. ಒಂದು ಹಲ್ಲು ಆಚೀಚೆ ಆಗಿದೆ."

"ಒಂದು ಹಲ್ಲಾ? ಒಂದು ಹಲ್ಲಿಗೆ ನನ್ನ ಮೂತಿ ಹೀಗೆ ಮಾಡಿಸಿದ್ಯಾ?"

ರಾಡು ಗುದ್ದಲಿಯ ಭುಜಕ್ಕೆ ಬಿತ್ತು. ಮತ್ತೊಂದು ಪಕ್ಕೆಗೆ. ಒಳಗೆ ಏನೋ ಲಟಕ್ಕೆಂದಿತು. ಭಾವಮೈದ ಗಾಜು ಏರಿಸಿಕೊಂಡ. ಅವನನ್ನು ಇಳಿ ಎನ್ನಲು ಗುದ್ದಲಿ ಮರೆತಿದ್ದ. ಮೂರನೆಯ ಏಟು ಹುಬ್ಬಿನ ಮೇಲೆ ಸೀಳಿತು, ರಕ್ತ ಕಣ್ಣಿಗಿಳಿಯಿತು. ಹಲ್ಲು ಕಚ್ಚಿ, ಎರಡೂ ಕೈಯಿಂದ ಬಾನೆಟ್ಟಿನ ಅಂಚು ಹಿಡಿದು ನಿಂತ. ತಗಡು ಬಾಗಿತು, ಅವನು ಬಾಗಲಿಲ್ಲ.

ಹೊಡೆಸಿಕೊಂಡು ಸುಮ್ಮನಿರುವ ಗುದ್ದಲಿಯನ್ನು ಕಂಡು ಚಾಲಕನಿಗೆ ಇನ್ನೂ ಹುಚ್ಚು ಕೆರಳಿತು. ಎಂಜಿನ್ನಿನ ಮೇಲೆ, ತೆರೆದ ಬೆಲ್ಟಿನ ಪಕ್ಕದಲ್ಲೇ ಎಡಗೈ ಊರಿ, ಮುಖಕ್ಕೆ ಮುಖ ತಂದು ಅರಚಿದ: "ಹೊಡಿಯೋ! ಗಂಡಸಾದ್ರೆ ಹೊಡಿ! ಹೊಡಿ ಅಂತಿದೀನಲ್ಲ!"

ಗಾಜಿನೊಳಗೆ ಕೂತವನಿಗೆ ಉಳಿದದ್ದೊಂದೂ ಕೇಳಲಿಲ್ಲ. 'ಹೊಡಿ' ಮಾತ್ರ ಕೇಳಿತು. ಸೆಲ್ಫ್ ಹೊಡೆದ.

ಬೆಲ್ಟ್ ತಿರುಗಿತು. ಚಾಲಕನ ಅಂಗಿಯ ಹರಿದ ತೋಳು ಅದಕ್ಕೆ ಸಿಕ್ಕಿತು. ಬಟ್ಟೆ ಒಳಗೆ ಹೋಯಿತು, ಹಿಂದೆಯೇ ಮಣಿಕಟ್ಟು ಹೋಯಿತು, ಚರ್ಮ ಸುಲಿಯಿತು. ಚಾಲಕ ಕಿರುಚಿದಷ್ಟೂ ಸೆಲ್ಫ್ ಕಿರುಚಿತು. ಗುದ್ದಲಿ ಬಾನೆಟ್ ಬಿಟ್ಟು ಅವನ ದವಡೆಗೆ ಗುದ್ದಿದ. ಇಡೀ ಮೈಯ ತೂಕ ಆ ಮುಷ್ಟಿಯಲ್ಲಿತ್ತು. ಅಂಗಿಯ ತೋಳು ಪರ್ರನೆ ಹರಿದು ಚಾಲಕ ಆಯಿಲ್ ಡಬ್ಬಿಗಳ ಮೇಲೆ ಹಾರಿಬಿದ್ದ. ಎಂಜಿನ್ನಿನ ಒಂದು ಹಲ್ಲಿನ ಜೊತೆಗೆ ಅವನದೊಂದು ಹಲ್ಲೂ ಜಾಗ ತಪ್ಪಿ ನೆಲದ ಮೇಲೆ ಉರುಳಿತು. ಕೈ ಮಾತ್ರ ಐದೂ ಬೆರಳಿನೊಂದಿಗೆ ಅವನದೇ ಆಗಿ ಉಳಿದಿತ್ತು.

ಗುದ್ದಲಿ ಅವನ ಎದೆಯ ಮೇಲೆ ಮಂಡಿಯೂರಿ ಇನ್ನೊಂದು ಕೊಟ್ಟ.

ಗ್ಯಾರೇಜಿನ ಮೇಲೆಯೇ ಮನೆ. ಸದ್ದು ಕೇಳಿ ಹೆಂಡತಿ ಇಳಿದು ಬರುವಷ್ಟರಲ್ಲಿ ಚಾಲಕ ಎದ್ದು ಕೂತು, ಸುಲಿದ ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ರಕ್ತದ ಬಾಯಲ್ಲೇ ಅವನು ಗುದ್ದಲಿಯ ಪರ ವಹಿಸಿದ: "ಅಕ್ಕಾ, ಹೊಡೆದಿದ್ದಕ್ಕೆ ಕೈ ಉಳೀತು. ಸುಳ್ಳಲ್ಲ."

"ಹೌದಕ್ಕ," ಎಂದ ತಮ್ಮ, ಗಾಜು ಬೆರಳಷ್ಟು ಇಳಿಸಿ. "ಭಾವ ಅವನನ್ನ ಬಿಡಿಸಿದ್ರು."

ಅವಳು ನೆಲದ ಹಲ್ಲನ್ನು ನೋಡಿದಳು, ಗಂಡನ ಹುಬ್ಬಿನ ಗಾಯವನ್ನೂ ನೋಡಿದಳು. "ಬಿಡಿಸೋಕೆ ಹೊಡೆದ್ರಾ?"

ಹೌದೆಂದಿದ್ದರೆ ಮುಗಿಯುತ್ತಿತ್ತು. ಮೊದಲ ಏಟಿಗೇ ಕಣ್ಣು ಕತ್ತಲಾದ ಚಾಲಕನಿಗೆ ಎರಡನೆಯದರ ನೆನಪಿರಲಿಲ್ಲ. ಬಾನೆಟ್ಟಿನ ಹಿಂದಿದ್ದ ಭಾವಮೈದ ಒಂದನ್ನೂ ಕಂಡಿರಲಿಲ್ಲ. ಗುದ್ದಲಿ ತನ್ನ ಮುಷ್ಟಿಯನ್ನು ನೋಡಿಕೊಂಡ. ಅದಿನ್ನೂ ಬಿಚ್ಚಿರಲಿಲ್ಲ.

"ಮೊದಲನೇದು ಬಿಡಿಸೋಕೆ."

"ಅಂದ್ರೆ?"

"ಎರಡನೇದು ಹೊಡಿಯೋಕೆ ಕಣೇ. ಬೆಲ್ಟಿಂದ ಕೈ ಬಿಟ್ಟಿತ್ತು, ಅವನು ಬಿದ್ದಿದ್ದ. ಆದ್ರೂ ಹೊಡೆದೆ. ಹಿತವಾಗಿತ್ತು."

ಅವಳು ಮೆಟ್ಟಿಲು ಹತ್ತಿದಳು. ಮೇಲೆ ಬೀರುವಿನ ಬಾಗಿಲು ತೆರೆದ ಸದ್ದು ಕೇಳಿತು.

ಗುದ್ದಲಿ ಭಾವಮೈದನನ್ನು ಇಳಿಸಿ ಕೀ ಕಿತ್ತು ಜೇಬಿಗೆ ಹಾಕಿದ. ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರ್ ಸಡಿಲಿಸಿ, ಪಂಪನ್ನು ಒಂದು ಹಲ್ಲು ಮುಂದೆ ಸರಿಸಿ, ಮತ್ತೆ ಬಿಗಿ ಮಾಡಿ, ಕೈಯಿಂದಲೇ ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತುಗಳನ್ನು ಕೂಡಿಸಿದ. ಸ್ಪ್ಯಾನರ್ ಎಳೆದಾಗಲೆಲ್ಲ ಪಕ್ಕೆ ಇರಿಯಿತು. ಕವರ್ ಹಾಕಿ ಕೀ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಹೊಗೆಯಿಲ್ಲ, ಕುಟ್ಟುವ ಸದ್ದಿಲ್ಲ.

ಹೆಂಡತಿ ಚೀಲ ಹಿಡಿದು, ಮಗಳ ಕೈ ಹಿಡಿದು ಇಳಿದಳು. ಚಾಲಕನನ್ನು ಆಸ್ಪತ್ರೆಗೆ ಒಯ್ಯಬೇಕಿತ್ತು. ತವರಿನ ದಾರಿಯೂ ಅದೇ. ತಮ್ಮ ಸ್ಟೀರಿಂಗ್ ಹಿಡಿದ. ಅವಳು ಮಗಳೊಂದಿಗೆ ಹಿಂದೆ ಕೂತಳು. ಚಾಲಕ ಮುಂದೆ ಕೂತು, ಊದಿದ ಬಾಯಿಂದ, "ಸದ್ದು ಚೆನ್ನಾಗಿದೆ ಮೇಸ್ತ್ರಿ," ಎಂದ.

ಗುದ್ದಲಿ ಹಿಂದಿನ ಕಿಟಕಿಗೆ ಬಂದ. ಗಾಜು ಏರಿತ್ತು. ಅದನ್ನು ತಟ್ಟಲು ಕೈ ಎತ್ತಿದ. ಒಳಗೆ ಮಗಳು ತಲೆ ತಗ್ಗಿಸಿ ಮುಖಕ್ಕೆ ಕೈ ಅಡ್ಡ ಹಿಡಿದಳು.

ಅವನು ಕೈ ಇಳಿಸಿ, ದಾರಿ ಬಿಟ್ಟು ನಿಂತ.