ಸಾಸಲಿನ ಮರುಭೂಮಿಯಲ್ಲಿ ಒಂದು ಹಸು

ನನಗೆ ಹಸುವಿನ ಫೋಟೋ ತೆಗೆಯುವ ಚಟವಿದೆ. ಹೆಮ್ಮೆಯಿಂದ ಹೇಳಿಕೊಳ್ಳುವಂಥ ಚಟವೇನಲ್ಲ. ಊರಿನ ಮಿಕ್ಕ ಕ್ಯಾಮೆರಾದವರು ಹಕ್ಕಿಯ ಹಿಂದೆ ಅಲೆಯುತ್ತಾರೆ, ಚಿರತೆಯ ಹೆಜ್ಜೆ ಹುಡುಕುತ್ತಾರೆ. ನಾನು ಭಾನುವಾರ ಬೆಳಿಗ್ಗೆ ದೊಡ್ಡಬಳ್ಳಾಪುರದಿಂದ ಸ್ಕೂಟರ್ ಹತ್ತಿ, ಸಾಸಲಿನ ಕಡೆಯ ಗೋಮಾಳಕ್ಕೆ ಹೋಗಿ ಹಸುಗಳೆದುರು ಮಂಡಿಯೂರುತ್ತೇನೆ. "ನಮ್ಮನೆ ಗೇಟಿನ ಮುಂದೇನೇ ದಿನಾ ಎರಡು ಹಸು ನಿಂತಿರ್ತವಲ್ಲ, ಅವೇನು ಪಾಪ ಮಾಡಿದ್ವು?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆಯೇ.

ಅವುಗಳ ಪಾಪವೆಂದರೆ ಅವು ಮರುಭೂಮಿಯಲ್ಲಿಲ್ಲ. ಯಾವುದೋ ದೂರದೇಶದ ಮರಳುಗಾಡಿನಲ್ಲಿ ದನಗಳು ಮೇಯುವ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿದ ದಿನದಿಂದ ನನ್ನ ತಲೆ ಕೆಟ್ಟಿತು. ಕಣ್ಣು ಹಾಯುವಷ್ಟು ಬಯಲು, ಮೇಲೆ ಆಕಾಶ, ನಡುವೆ ಯಾರ ಹಂಗೂ ಇಲ್ಲದಂತೆ ನಿಂತ ಒಂದು ಹಸು. ಬೇಸಿಗೆಯಲ್ಲಿ ನಮ್ಮ ಗೋಮಾಳವೇನೂ ಕಮ್ಮಿಯಿಲ್ಲ. ಹುಲ್ಲು ಒಣಗಿ ಕೆಮ್ಮಣ್ಣು ಬಿರುಕು ಬಿಟ್ಟಿರುತ್ತದೆ. ದಿಣ್ಣೆಯ ಬುಡದಲ್ಲಿ ಬೋರಲು ಮಲಗಿ ಕ್ಯಾಮೆರಾ ಹಿಡಿದರೆ ನೀಲಗಿರಿ ತೋಪು, ಕರೆಂಟ್ ಕಂಬ, ಲೇಔಟಿನ ಕಲ್ಲು ಎಲ್ಲ ಮರೆಯಾಗಿ ಅಪ್ಪಟ ಮರುಭೂಮಿ ಸಿಗುತ್ತದೆ. ಜೊತೆಗೆ ಅಂಗಿಯ ತುಂಬ ಮುಳ್ಳೂ ಸಿಗುತ್ತದೆ.

ಸಿಗದಿರುವುದು ಹಸು ಮಾತ್ರ. ದೂರದಲ್ಲಿದ್ದರೆ ಬಾಲದ ಕಡೆ ತೋರಿಸುತ್ತದೆ, ಹತ್ತಿರ ಹೋದರೆ ಲೆನ್ಸನ್ನೇ ನೆಕ್ಕಲು ಬರುತ್ತದೆ. ಮನುಷ್ಯ ಅಕ್ಷರ ಕಲಿಯುವ ಮೊದಲೇ ಬಂಡೆಗಳ ಮೇಲೆ ದನಗಳ ಚಿತ್ರ ಬಿಡಿಸಿದನಂತೆ. ಅವುಗಳಲ್ಲಿ ಎಷ್ಟೋ ದನಗಳು ಹೇಳಿ ಮಾಡಿಸಿದ ಹಾಗೆ ಪಕ್ಕಕ್ಕೆ ತಿರುಗಿ ನಿಂತಿವೆ. ಆ ಪುಣ್ಯಾತ್ಮರು ಎದುರಿಗೆ ಹಸು ಇಟ್ಟುಕೊಂಡು ಬಿಡಿಸಿರಲಾರರು ಎಂದು ನನ್ನ ಗುಮಾನಿ.

ಇಂಥ ನನಗೆ ಒಲಿದದ್ದು ಜಯಕ್ಕನ ಬೆಳ್ಳಿ. ಜಯಕ್ಕ ಆ ಗೋಮಾಳದಲ್ಲಿ ದನ ಮೇಯಿಸುವವರು. ಬೆಳ್ಳಿ ಅವರ ಮನೆಯಲ್ಲೇ ಹುಟ್ಟಿ ಬೆಳೆದ ಬಿಳಿಯ ನಾಟಿ ಹಸು. ಕಳೆದ ಬೇಸಿಗೆಯ ಒಂದು ಭಾನುವಾರ ಅವರೇ ಬೆಳ್ಳಿಯನ್ನು ಹೊಡೆದುಕೊಂಡು ನನ್ನ ಬಳಿ ಬಂದರು. ಅವರ ಮಗಳು ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ, ಹೊಸಕೋಟೆ ಆಚೆಯ ಸಮೇತನಹಳ್ಳಿಗೆ ಹೊರಟಿದ್ದಳು. ಕೂಸಿನ ಹಾಲಿಗೆಂದು ತವರಿನಿಂದ ಹಸು ಕಳಿಸುವುದು ಆ ಮನೆಯ ಪದ್ಧತಿ.

"ಶನಿವಾರ ಬೆಳ್ಳೀನೂ ಕಳಿಸ್ತಾ ಇದೀವಿ ಕಣಪ್ಪ. ಮಗಳಾದ್ರೆ ಫೋನ್ ಮಾಡ್ತಾಳೆ, ಇವಳು ಮಾಡ್ತಾಳಾ? ಒಂದು ಫೋಟೋ ತೆಗೆದ್ಕೊಡು, ಗೋಡೆಗೆ ಹಾಕ್ಕೋತೀನಿ" ಎಂದರು. ನಗುತ್ತಲೇ ಹೇಳಿದರು, ಆದರೆ ಕೈ ಹಸುವಿನ ಕತ್ತಿನಡಿ ಜೋಲುವ ಗಂಗೆದೊಗಲನ್ನು ಬಿಟ್ಟಿರಲಿಲ್ಲ.

ನನ್ನ ಮರುಭೂಮಿಯಲ್ಲಿ ಮನುಷ್ಯರಿಗೆ ಜಾಗವಿಲ್ಲ. ಜಯಕ್ಕನನ್ನು ಬಂಡೆಯ ಹಿಂದೆ ಕಳಿಸಿದೆ. ಬೆಳ್ಳಿಯೂ ಬಂಡೆಯ ಹಿಂದೆ ಹೋಯಿತು. ಕೊನೆಗೆ ಅವರು ನನ್ನ ಬೆನ್ನ ಹಿಂದೆ ಬಂದು ಕೂತು "ಬೆಳ್ಳೀ" ಎಂದು ಮೆಲ್ಲಗೆ ಕರೆದರು. ಬೆಳ್ಳಿ ಕತ್ತೆತ್ತಿ, ಕಿವಿ ಮುಂದೆ ಮಾಡಿ, ನೆಟ್ಟಗೆ ನೋಡಿತು. ನಾನು ತೆಗೆದದ್ದರಲ್ಲೆಲ್ಲ ಒಳ್ಳೆಯ ಚಿತ್ರ ಅದೇ. ಅದು ನೋಡಿದ್ದು ನನ್ನನ್ನಲ್ಲ ಎಂಬುದು ಬೇರೆ ಮಾತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಚಿತ್ರವನ್ನು ಚೊಕ್ಕಟ ಮಾಡಲು ಕೂತೆ. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಚೀಲ ಅಳಿಸಿದೆ. ಕತ್ತಿನ ನೈಲಾನ್ ಹಗ್ಗ ಅಳಿಸಿದೆ. ಹಣೆಯ ಪಕ್ಕ ಒಂದು ಕಪ್ಪು ಕಲೆಯಿತ್ತು, ಕೆಸರೋ ಸಗಣಿಯೋ ಇರಬೇಕೆಂದು ಅದನ್ನೂ ಅಳಿಸಿದೆ. ಗಾಜಿನ ಕಟ್ಟು ಹಾಕಿಸಿಕೊಂಡು ಮುಂದಿನ ಭಾನುವಾರ ಜಯಕ್ಕನ ಮನೆಗೆ ಹೋದೆ. ಬೆಳ್ಳಿಯನ್ನೂ ಅದರ ಕರುವನ್ನೂ ಹಿಂದಿನ ದಿನ ಟೆಂಪೋ ಹತ್ತಿಸಿದ್ದರು. ಕೊಟ್ಟಿಗೆಯಲ್ಲಿ ಬರಿಯ ಗೂಟವಿತ್ತು.

ಜಯಕ್ಕ ಚಿತ್ರವನ್ನು ತುಂಬ ಹೊತ್ತು ನೋಡಿದರು. "ಬೊಟ್ಟೆಲ್ಲಪ್ಪ?" ಎಂದರು.

"ಯಾವ ಬೊಟ್ಟು ಜಯಕ್ಕ?"

"ಫೋಟೋ ಅಂದ್ಮೇಲೆ ನಾಕು ಜನ ನೋಡ್ತಾರೆ, ದೃಷ್ಟಿ ಆಗ್ತದೆ ಅಂತ ಅವತ್ತು ಮನೇಲೇ ಕಾಡಿಗೆ ಹಚ್ಕೊಂಡು ಬಂದಿದ್ನಲ್ಲ."

ನಾನು ಅವರನ್ನು ಚಿತ್ರದಿಂದ ಆಚೆ ಕಳಿಸಿದ್ದೆ, ಅವರದೆಂದು ಉಳಿದಿದ್ದ ಆ ಬೆರಳ ಗುರುತನ್ನೂ ಕೆಸರೆಂದು ಒರೆಸಿಬಿಟ್ಟಿದ್ದೆ. ಬೇರೆ ಪ್ರಿಂಟ್ ತರುತ್ತೇನೆ ಎಂದು ತಡವರಿಸಿದೆ. "ಅಲ್ಲೀಗಂಟ ಬರೀ ಹಣೇಲಿ ಇರ್ತಾಳಾ?" ಎನ್ನುತ್ತ ಅವರು ಒಳಗೆ ಹೋಗಿ, ಮೊಮ್ಮಗುವಿಗೆ ಹಚ್ಚುತ್ತಿದ್ದ ಕಾಡಿಗೆ ಡಬ್ಬಿ ತಂದು, ಗಾಜಿನ ಮೇಲೆ ಬೆಳ್ಳಿಯ ಹಣೆಯ ಪಕ್ಕಕ್ಕೆ ಒಂದು ಬೊಟ್ಟು ಇಟ್ಟರು.

ಮುಂದಿನ ವಾರ, ಏನನ್ನೂ ಅಳಿಸದ ಚಿತ್ರವನ್ನು ಪ್ರಿಂಟ್ ಹಾಕಿಸಿ ಕೊಂಡುಹೋದೆ. ಅವರು ತೆಗೆದುಕೊಳ್ಳಲಿಲ್ಲ. ಗೋಡೆಯ ಮೇಲಿನ ಗಾಜನ್ನು ಸೆರಗಿನಲ್ಲಿ ಒರೆಸಿ, ಹೊಸದಾಗಿ ಬೊಟ್ಟು ಇಡುತ್ತಾ ಹೇಳಿದರು: "ಅದ್ರಲ್ಲಿ ಆಗ್ಲೇ ಇಟ್ಟೈತಲ್ಲಪ್ಪ. ದಿನಾ ನಾನೇನು ಮಾಡ್ಲಿ?"

ಹಾಗಾಗಿ ಅದೀಗ ನಮ್ಮ ಮನೆಯ ಗೋಡೆಯಲ್ಲಿದೆ. ಪ್ಲಾಸ್ಟಿಕ್ ಚೀಲ, ಹಗ್ಗ, ಬೊಟ್ಟು ಎಲ್ಲ ಇದ್ದ ಹಾಗೇ ಇವೆ. ಮರುಭೂಮಿಯಂತೂ ಖಂಡಿತ ಅಲ್ಲ. ಮೊಳೆ ಹೊಡೆದ ದಿನ ಹೆಂಡತಿ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. ನನ್ನ ಇಷ್ಟೊಂದು ಹಸುಗಳಲ್ಲಿ ಯಾವುದರ ಬಗ್ಗೆಯೂ ಕೇಳದ ಪ್ರಶ್ನೆಯನ್ನು ಅವತ್ತು ಕೇಳಿದಳು.

"ಯಾರ ಮನೆ ಹಸು ಇದು?"