ಗಿರಿಜಕ್ಕನ ಮಾರ್ಕ್ಸೂ ವಿಶ್ವವಿದ್ಯಾಲಯದ ಬ್ಯಾಕಪ್ಪೂ

‘ಫೇಲಾಗಿದ್ರೂ ತಡ್ಕಂತಿದ್ದೆ ಕಣೋ. ಇವರು ನಾನು ಓದೇ ಇಲ್ಲ ಅಂತಾರಲ್ಲ!’

ನಾಲ್ಕು ತಿಂಗಳ ಹಿಂದೆ ಚನ್ನಗಿರಿಯ ನಮ್ಮ ಮನೆಗೆ ಬಂದ ಗಿರಿಜಕ್ಕ, ಚಪ್ಪಲಿ ಬಿಡುವ ಮೊದಲೇ ಹೇಳಿದ ಮಾತಿದು.

ಗಿರಿಜಕ್ಕ ನನ್ನ ದೊಡ್ಡಮ್ಮನ ಮಗಳು. ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ನಲವತ್ತು ದಾಟಿದ ಮೇಲೆ, ಮಧ್ಯಾಹ್ನ ಮಕ್ಕಳು ಮಲಗಿದಾಗ (ಅಂಗನವಾಡಿ ಮಕ್ಕಳು, ಸ್ವಾಮಿ) ಸಿಗುವ ಒಂದು ಗಂಟೆಯಲ್ಲಿ ಓದಿ ಬಿ.ಎ. ಮುಗಿಸಿದವಳು. ಈಗ ಮೇಲ್ವಿಚಾರಕಿ ಹುದ್ದೆಯ ಆಯ್ಕೆಪಟ್ಟಿಯಲ್ಲಿ ಹೆಸರು ಬಂದಿತ್ತು. ದಾಖಲೆ ಪರಿಶೀಲನೆಗೆ ಹತ್ತೇ ದಿನ. ಆದರೆ ಕೊನೆಯ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಕೈಗೆ ಬಂದಿರಲೇ ಇಲ್ಲ. ಅವತ್ತು ಫೋನಿನಲ್ಲಿ ‘ಪಾಸ್’ ಅಂತ ನೋಡಿ ಪೇಢ ಹಂಚಿದ್ದಳು, ಅಷ್ಟೆ. ಈಗ ಅದೇ ವೆಬ್‌ಸೈಟ್ ‘ಇಂಥ ವಿದ್ಯಾರ್ಥಿ ಇಲ್ಲ’ ಅನ್ನುತ್ತಿತ್ತು.

‘ನೀನು ಪೇಪರ್‌ನಾಗೆ ಬರಿಯೋನು. ಜೊತೆಗೆ ಬಾ, ಹೆದರ್ತಾರೆ’ ಅಂದಳು.

ಹೋದೆವು. ಯಾರೂ ಹೆದರಲಿಲ್ಲ.

(ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ. ನಮ್ಮ ಜಿಲ್ಲೆಯದಲ್ಲ, ಅಷ್ಟು ಸಾಕು.)

ಕಂಪ್ಯೂಟರ್ ವಿಭಾಗದ ಮ್ಯಾನೇಜರ್ ಸಭ್ಯರು. ಕೂರಿಸಿ ವಿವರಿಸಿದರು. ಸರ್ವರ್ ಕೆಟ್ಟಿದೆ. ಗಿರಿಜಕ್ಕ ಒಬ್ಬಳೇ ಅಲ್ಲ, ಎರಡು ವರ್ಷದವರೆಲ್ಲ ಮಾಯ.

‘ಬ್ಯಾಕಪ್ ಇಲ್ವಾ?’ ಅಂದೆ.

‘ಇಲ್ದೆ ಏನು ಸರ್! ದಿನಾ ಆಗ್ತಿತ್ತು. ಬೆಳಿಗ್ಗೆ ಬೆಳಿಗ್ಗೆ ಮೇಲ್ ಬರ್ತಿತ್ತು, ಬ್ಯಾಕಪ್ ಸಕ್ಸೆಸ್‌ಫುಲ್ ಅಂತ.’

‘ಮತ್ತೆ?’

‘ಈಗ ತೆಗೆದು ನೋಡಿದ್ರೆ ಫೋಲ್ಡರ್ ಖಾಲಿ.’

ಆಗಿದ್ದಿಷ್ಟು. ಎರಡು ವರ್ಷದ ಹಿಂದೆ ಹೊಸ ಸರ್ವರ್ ಬಂತು. ಬ್ಯಾಕಪ್ ಸಾಫ್ಟ್‌ವೇರಿಗೆ ಅದನ್ನು ಯಾರೂ ಹೇಳಲಿಲ್ಲ. ಪಾಪ, ಅದು ಹಳೆ ಸರ್ವರಿನಲ್ಲಿ ಖಾಲಿ ಬಿದ್ದ ಫೋಲ್ಡರನ್ನೇ ದಿನಾ ಶ್ರದ್ಧೆಯಿಂದ ಕಾಪಿ ಮಾಡುತ್ತಿತ್ತು. ಏನೂ ಇಲ್ಲದ್ದನ್ನು ಏನೂ ಬಿಡದೆ ಕಾಪಿ ಮಾಡಿದರೆ ಸಕ್ಸೆಸ್ ಅಲ್ಲದೆ ಇನ್ನೇನು?

‘ಒಂದ್ಸಾರಿನೂ ತೆಗೆದು ನೋಡ್ಲಿಲ್ವಾ?’

‘ಸಕ್ಸೆಸ್‌ಫುಲ್ ಅಂತ ಬಂದ ಮೇಲೆ ಯಾಕೆ ನೋಡ್ಬೇಕು ಸರ್?’

ಗಿರಿಜಕ್ಕ ಕುರ್ಚಿ ಮುಂದೆ ಎಳೆದುಕೊಂಡಳು. ‘ಅಲ್ರೀ, ನಾವು ಹಾಲಿನ ಪುಡಿ ಪ್ಯಾಕೆಟ್ ಬಂದ್ರೆ ಒಂದು ಬಿಚ್ಚಿ ಮೂಸಿ ನೋಡ್ತೀವಿ. ಊರ ಮಂದಿ ಮಾರ್ಕ್ಸ್ ಇಟ್ಕಂಡೀರಿ, ಒಂದಿನ ಬಿಚ್ಚಿ ನೋಡಾಕೆ ಏನಾಗಿತ್ರಿ?’

ಮ್ಯಾನೇಜರ್ ನೀರು ಕುಡಿದರು. ನಾನು ಜೇಬು ಮುಟ್ಟಿ ನೋಡಿಕೊಂಡೆ. ನನ್ನ ಫೋನೂ ಮೂರು ವರ್ಷದಿಂದ ‘ಬ್ಯಾಕಪ್ ಆಗಿದೆ’ ಅನ್ನುತ್ತಿದೆ. ಎಲ್ಲಿ ಅಂತ ನಾನು ಕೇಳಿಲ್ಲ. ನೀವು ಕೇಳಿದ್ದೀರಾ?

ಕ್ಯಾಂಟೀನಿನಲ್ಲಿ ಗಿರಿಜಕ್ಕ ಟೀ ಮುಟ್ಟಲಿಲ್ಲ. ಅಷ್ಟರಲ್ಲಿ ಒಬ್ಬ ಹಿಂದೆಯೇ ಬಂದು ನಿಂತ. ರುದ್ರೇಶ, ಅದೇ ಕಂಪ್ಯೂಟರ್ ವಿಭಾಗದಲ್ಲಿ ಗುತ್ತಿಗೆ ಮೇಲಿರುವ ಡಾಟಾ ಆಪರೇಟರ್.

‘ಮಾತು ಕೇಳಿದ್ರೆ ನಮ್ ಕಡೆಯೋರ ಹಂಗೈತೆ. ಯಾವೂರಕ್ಕ?’

‘ಬಿಳಿಚೋಡು.’

‘ನಮ್ದು ಬಸವಾಪಟ್ಟಣ.’ ಅತ್ತಿತ್ತ ನೋಡಿ ದನಿ ತಗ್ಗಿಸಿದ. ‘ನಿಮ್ ಮಾರ್ಕ್ಸ್ ನಮ್ಮನೇಲಿ ಐತಕ್ಕ.’

ಹಿಂದೊಮ್ಮೆ ಅವನು ಮೂರು ದಿನ ಟೈಪ್ ಮಾಡಿದ ಮಾರ್ಕ್ಸ್ ಅಳಿಸಿಹೋಗಿ ಮತ್ತೆ ಮೊದಲಿಂದ ಟೈಪ್ ಮಾಡಿದ್ದನಂತೆ. ಅಂದಿನಿಂದ ಪ್ರತಿ ಸೆಮಿಸ್ಟರಿನ ರಿಸಲ್ಟನ್ನು ತನ್ನ ಹಾರ್ಡ್ ಡಿಸ್ಕಿಗೆ ಹಾಕಿಕೊಂಡು ಊರಿಗೆ ಒಯ್ದು ಗಾಡ್ರೇಜ್ ಬೀರುವಿನಲ್ಲಿ ಇಡುತ್ತಿದ್ದ. ಅದೇ ಡಿಸ್ಕಿನಲ್ಲಿ ಮಗಳ ನಾಮಕರಣದ ವಿಡಿಯೋ. ನಿಯಮದ ಪ್ರಕಾರ ಇದು ತಪ್ಪು. ಮಹಾ ತಪ್ಪು.

‘ಹೇಳಿದ್ರೆ ನನ್ ಕೆಲ್ಸ ಹೋಗ್ತತಿ. ಹೇಳ್ದಿದ್ರೆ ನಿಮ್ದು ಹೋಗ್ತತಿ’ ಅಂದ.

ಗಿರಿಜಕ್ಕ ಎದ್ದು ನಿಂತಳು. ‘ನಿನ್ ಅನ್ನ ಕಳ್ದು ನಂಗೆ ಬಡ್ತಿ ಬ್ಯಾಡಪ್ಪ. ಸುಮ್ನಿರು. ನಾ ಬಿಳಿಚೋಡಿನಾಗೆ ಆರಾಮಿದೀನಿ.’

ಆರಾಮಿರಲಿಲ್ಲ. ಬಸ್ಸಿನಲ್ಲಿ ಹೊನ್ನಾಳಿ ಬರುವವರೆಗೂ ಕಿಟಕಿ ಕಡೆ ತಿರುಗಿ ಕೂತಿದ್ದಳು. ನಾನು ಕಡಲೆಕಾಯಿ ಕೊಟ್ಟೆ, ತಿನ್ನಲಿಲ್ಲ. ನಾನೇ ತಿಂದೆ.

ರುದ್ರೇಶ ಸುಮ್ಮನಿರಲಿಲ್ಲ. ಸೋಮವಾರ ಹಾರ್ಡ್ ಡಿಸ್ಕ್ ತಂದು ಮ್ಯಾನೇಜರ್ ಮೇಜಿನ ಮೇಲೆ ಇಟ್ಟ. ಎರಡೂ ವರ್ಷದ ವಿದ್ಯಾರ್ಥಿಗಳು ಒಮ್ಮೆಗೇ ಜೀವಂತವಾದರು. ಪರಿಶೀಲನೆಗೆ ಎರಡು ದಿನ ಇರುವಾಗ ಗಿರಿಜಕ್ಕನ ಕೈಗೆ ಕಾರ್ಡ್ ಬಂತು. ಈಗ ಅವಳು ನ್ಯಾಮತಿ ಕಡೆ ಮೇಲ್ವಿಚಾರಕಿ. ಹೋದಲ್ಲೆಲ್ಲ ಪ್ಯಾಕೆಟ್ ಬಿಚ್ಚಿಸುತ್ತಾಳಂತೆ.

ರುದ್ರೇಶನಿಗೆ ಏನು ಸಿಕ್ಕಿತು? ನೋಟಿಸ್. ‘ಅನುಮತಿಯಿಲ್ಲದೆ ದತ್ತಾಂಶವನ್ನು ಹೊರಗೆ ಒಯ್ದಿದ್ದೇಕೆ?’ ಸದ್ಯ ಕೆಲಸ ಉಳಿದಿದೆ. (ಫೈಲುಗಳನ್ನು ಮತ್ತೆ ಜೋಡಿಸಲು ಬೇರೆ ಯಾರಿಗೆ ಬರುತ್ತದೆ?)

ನೋಟಿಸಿನ ಫೋಟೋ ನನಗೂ ಕಳಿಸಿದ. ಕೆಳಗಡೆ ಓದಿದೆ. ಪ್ರತಿಗಳು: ಕುಲಪತಿಗಳ ಕಚೇರಿಗೆ, ಕುಲಸಚಿವರಿಗೆ, ಪರೀಕ್ಷಾ ವಿಭಾಗಕ್ಕೆ, ವೈಯಕ್ತಿಕ ಕಡತಕ್ಕೆ.

ನಾಲ್ಕು ಪ್ರತಿ, ನಾಲ್ಕು ಜಾಗ. ವಿಶ್ವವಿದ್ಯಾಲಯಕ್ಕೆ ಬ್ಯಾಕಪ್ ಮಾಡಲು ಬರುವುದಿಲ್ಲ ಅಂದವರು ಯಾರು?