ತಮ್ಮನಿಗೆ ಬಾಯಿಪಾಠ ಮಾಡಿಸಿದ್ದು

ನನ್ನ ತಮ್ಮನ ಪರೀಕ್ಷೆಯಲ್ಲಿ ಮೋಸ ಮಾಡಿದವಳು ನಾನು. ಒಂದು ಸಲವಲ್ಲ, ಐದು ವರ್ಷ.

ಬಸು ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಆಸ್ಪತ್ರೆಯವರು ಅವನನ್ನು ಒಂದು ಸಂಶೋಧನೆಗೆ ಸೇರಿಸಿಕೊಂಡರು. ಮಿದುಳಿಗೆ ಏಟು ಬಿದ್ದವರ ಯೋಚನಾಶಕ್ತಿ ವರ್ಷ ಕಳೆದಂತೆ ಏನಾಗುತ್ತದೆ ಎಂದು ನೋಡುವುದು ಅವರ ಕೆಲಸ. ವರ್ಷಕ್ಕೊಮ್ಮೆ ಡಾಕ್ಟರ್ ಮೇಡಂ ಐದು ಪದ ಹೇಳುವರು; ಸ್ವಲ್ಪ ಹೊತ್ತು ಬಿಟ್ಟು ಅವನು ಅವನ್ನು ನೆನಪಿನಿಂದ ಹೇಳಬೇಕು. ಪಕ್ಕದಲ್ಲಿ ನಾನು ಕೂತಿರುತ್ತಿದ್ದೆ.

ಮೊದಲ ವರ್ಷ ಎರಡೇ ಪದ ಹೇಳಿ ನನ್ನ ಮುಖ ನೋಡಿದ. ಏಳನೇ ಕ್ಲಾಸಿನಲ್ಲಿ ಫೇಲಾಗಿ ಶಾಲೆ ಬಿಟ್ಟವಳು ನಾನು — ಹಾಗೆ ನೋಡುವುದು ಏನೆಂದು ನನಗೆ ಗೊತ್ತು. ಬಸು ಎಂದೂ ಫೇಲಾದವನಲ್ಲ. ಚಾಮರಾಜಪೇಟೆಯಲ್ಲಿ ಅವನ ಹಾಗೆ ಬ್ಲೌಸ್ ಹೊಲಿಯುವ ಟೈಲರ್... ಹೋಗಲಿ.

ಪದಗಳು ಪ್ರತಿವರ್ಷ ಇವೇ ಎಂದು ಅಲ್ಲಿಗೆ ಬರುವ ಇನ್ನೊಬ್ಬ ರೋಗಿಯ ಮನೆಯವರಿಂದ ತಿಳಿಯಿತು. ಮರುವರ್ಷ ಹದಿನೈದು ದಿನ ಮೊದಲೇ, ಚಪಾತಿ ಲಟ್ಟಿಸುತ್ತ, ಬಾಯಿಪಾಠ ಶುರುಮಾಡಿದೆ. "ಕೊಡೆ, ಬೀಗ, ನವಿಲು... ಮುಂದೆ ಏನೋ, ಬಸು?" ಅವನು ಗೋಡೆ ನೋಡುತ್ತಿದ್ದ. ರೇಗಿ ಲಟ್ಟಣಿಗೆಯಿಂದ ಮೊಣಕೈಗೆ ಕೊಟ್ಟೆ. ತಲೆಗೆ ಪೆಟ್ಟಾದವನಿಗೆ — ನಾನು —

"ಹೊಡೀಬೇಡ ಕಣೇ ಅಕ್ಕಾ, ಇರೋದೂ ಉದುರೋಗುತ್ತೆ," ಎಂದು ನಕ್ಕ.

ಆ ವರ್ಷ ಐದಕ್ಕೆ ಐದು. ಮುಂದೆಯೂ ಹಾಗೇ. ಮನೇಲಿ ಹೇಗಿದಾರೆ ಎಂದು ಮೇಡಂ ಕೇಳಿದಾಗಲೆಲ್ಲ "ಚೆನ್ನಾಗಿದಾನೆ" ಎಂದೆ. ಅಳತೆ ತೆಗೆಯದೆಯೇ ಬಟ್ಟೆ ಕತ್ತರಿಸಿದನೆಂದು ಅಂಗಡಿಯವರು ಅವನನ್ನು ಕೆಲಸದಿಂದ ಕಳಿಸಿಬಿಟ್ಟಿದ್ದರು. ಅದನ್ನು ಹೇಳಲಿಲ್ಲ.

ಈ ವರ್ಷ ಒಂದು ಬೆಳಿಗ್ಗೆ ಅಂಗಿ ಹಿಡಿದು, ಯಾವ ತೋಳು ಮೊದಲು ಎಂದು ತಿಳಿಯದೆ ನಿಂತುಬಿಟ್ಟ. ಹೆದರಿ ಕರೆದುಕೊಂಡು ಓಡಿದೆ. ಏನಾದರೂ ಮಾಡಿ ಎಂದು ಬೇಡಿಕೊಂಡೆ. ಮೇಡಂ ಹಳೆಯ ಹಾಳೆಗಳನ್ನು ತಿರುವಿದರು.

"ಇದರಲ್ಲಿ ನೋಡಿದ್ರೆ ಇವರು ಎಲ್ಲರಿಗಿಂತ ಚೆನ್ನಾಗಿದಾರಲ್ಲಮ್ಮ. ಅದಕ್ಕೇ ಎರಡು ವರ್ಷದ ಹಿಂದೆ ತರಬೇತಿಗೆ ಜನ ಆರಿಸ್ದಾಗ ಇವರನ್ನ ಬಿಟ್ವಿ."

ಒಂದೊಂದೇ ಕೆಲಸವನ್ನು ಕ್ರಮವಾಗಿ ಮಾಡಲು ಮತ್ತೆ ಕಲಿಸುವ ತರಬೇತಿ. ಅವನಿಗೆ ಬೇಕಾಗಿದ್ದದ್ದು ಅದೇ. ಸಿಗದಂತೆ ಮಾಡಿದವಳು, ಒಡಹುಟ್ಟಿದ ನಾನೇ.

ಅಲ್ಲೇ ಎಲ್ಲ ಹೇಳಿದೆ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಮೇಡಂ ಬೈಯಲಿಲ್ಲ. "ಈ ಐದು ವರ್ಷದ್ದು ಇನ್ನು ಉಪಯೋಗಕ್ಕೆ ಬರಲ್ಲ. ತರಬೇತಿ ಮತ್ತೆ ಯಾವಾಗ ಅಂತ ನಂಗೂ ಗೊತ್ತಿಲ್ಲ," ಎಂದು ಬೇರೆ ಪದಗಳ ಹಾಳೆ ತೆಗೆದರು. "ನೀವು ಹೊರಗಿರಿ."

ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತೆ. ಒಳಗೆ ಬಸು ಒಂದು ಪದ ಹೇಳಿದ. ಎರಡನೆಯದು ಬರಲಿಲ್ಲ.

"ಅಕ್ಕ ಎಲ್ಲಿ?" ಎಂದ.

ನಾನು ಏಳಲಿಲ್ಲ.